ಬ್ರೆಕ್ಸಿಟ್: ಬೇರೆ ಆಗೋಣ ಅಂದರು, ಪಾಲುಪಟ್ಟಿ ಇರಲಿಲ್ಲ

ಬ್ರೆಕ್ಸಿಟ್, ಅಂದರೆ ಐರೋಪ್ಯ ಒಕ್ಕೂಟದಿಂದ ಹೊರಬರುವ ಬಗ್ಗೆ ಬ್ರಿಟನ್ನಿನಲ್ಲಿ ನಡೆದ ಜನಮತಗಣನೆ ಮತ್ತು ಆಮೇಲಿನ ರಾಜಕೀಯ ರಾದ್ಧಾಂತದ ಬಗ್ಗೆ ಹಲವರು ಬರೆದು ಕೇಳಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ಸಾರ್, ಐರೋಪ್ಯ ಒಕ್ಕೂಟ ಬಿಡೋಣ ಅಂತ ಬ್ರಿಟನ್ ಜನ ವೋಟು ಹಾಕಿದ್ದು 2016ರಲ್ಲಿ. ಬಿಟ್ಟಿದ್ದು 2020ರಲ್ಲಿ. ನಡುವೆ ಪ್ರಧಾನಿಗಳು ಬದಲಾದರು, ಎರಡು ಸಲ ಚುನಾವಣೆಯೂ ಆಯಿತು. ಜನ ತೀರ್ಪು ಕೊಟ್ಟ ಮೇಲೆ ಮಾಡಿ ಮುಗಿಸೋದಕ್ಕೆ ಏನು ಕಷ್ಟ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ಒಂದು ಕೂಡು ಕುಟುಂಬ ಅಂದುಕೊಳ್ಳಿ. ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ, ಬೇರೆ ಆಗೋಣವೋ ಒಟ್ಟಿಗೇ ಇರೋಣವೋ ಅಂತ ಕೈ ಎತ್ತಿಸಿದರು. ಬೇರೆ ಆಗೋಣ ಅಂದವರೇ ಒಂದಿಬ್ಬರು ಜಾಸ್ತಿ. ಸರಿ, ಮಾರನೇ ದಿನ ಪಾಲುಪಟ್ಟಿ ಬರೆಯಲು ಕೂತಾಗ ನೋಡಿದರೆ, ಒಬ್ಬನಿಗೆ ಬೇರೆ ಒಲೆ ಆದರೆ ಸಾಕು, ಜಮೀನು ಒಟ್ಟಿಗೇ ಇರಲಿ. ಇನ್ನೊಬ್ಬನಿಗೆ ನಡುವೆ ಗೋಡೆಯೇ ಏಳಬೇಕು. ಬಾವಿ ಯಾರಿಗೆ, ತೋಟಕ್ಕೆ ಹೋಗುವ ದಾರಿ ಯಾರಿಗೆ ಅನ್ನುವ ಮಾತೇ ಹಿಂದಿನ ದಿನ ಬಂದಿರಲಿಲ್ಲ.

2016ರ ಜೂನ್ 23ರ ಮತಚೀಟಿಯಲ್ಲಿ ಇದ್ದದ್ದೂ ಅಂಥದ್ದೇ ಒಂದು ಪ್ರಶ್ನೆ. ಒಕ್ಕೂಟದಲ್ಲಿ ಉಳಿಯಬೇಕೇ, ಬಿಡಬೇಕೇ? ಬಿಡೋಣ ಅಂದವರು 1 ಕೋಟಿ 74 ಲಕ್ಷ. ಉಳಿಯೋಣ ಅಂದವರು 1 ಕೋಟಿ 61 ಲಕ್ಷ. ಶೇಕಡಾ 51.9 ಮತ್ತು 48.1. ಉಳಿಯುವುದು ಅಂದರೆ ಏನು ಅಂತ ಎಲ್ಲರಿಗೂ ಗೊತ್ತಿತ್ತು, ನಿನ್ನೆ ಇದ್ದ ಹಾಗೇ ನಾಳೆ. ಬಿಡುವುದು ಅಂದರೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಕೆಲವರಿಗೆ ನಾರ್ವೆಯ ಹಾಗೆ ಹೊರಗಿದ್ದೂ ಒಕ್ಕೂಟದ ಮಾರುಕಟ್ಟೆಯಲ್ಲಿ ಇರುವುದು ಬೇಕಿತ್ತು. ಕೆಲವರಿಗೆ ಕೆನಡಾದ ಹಾಗೆ ಬರೀ ಒಂದು ವ್ಯಾಪಾರ ಒಪ್ಪಂದ ಸಾಕಿತ್ತು. ಇನ್ನು ಕೆಲವರಿಗೆ ಒಪ್ಪಂದದ ಗೊಡವೆಯೇ ಬೇಡ. ಈ ಮೂರೂ ಥರದವರ ವೋಟು ಒಂದೇ ಬುಟ್ಟಿಗೆ ಬಿತ್ತು.

ಪ್ರಧಾನಿ ಡೇವಿಡ್ ಕ್ಯಾಮರನ್ ಈ ಜನಮತಗಣನೆಯ ಮಾತು ಕೊಟ್ಟಿದ್ದು 2013ರಲ್ಲಿ, ಮುಖ್ಯವಾಗಿ ತಮ್ಮ ಕನ್ಸರ್ವೇಟಿವ್ ಪಕ್ಷದ ಒಳಜಗಳ ತಣ್ಣಗಾಗಲಿ ಅಂತ. ಉಳಿಯುವ ಕಡೆಯೇ ಗೆಲ್ಲುತ್ತದೆ ಅನ್ನುವ ಧೈರ್ಯದಲ್ಲಿ ಅವರ ಸರ್ಕಾರ, ಸೋತರೆ ಏನು ಮಾಡುವುದು ಅಂತ ಯೋಜನೆ ಹಾಕಲು ಅಧಿಕಾರಿಗಳಿಗೆ ಬಿಡಲೇ ಇಲ್ಲ. ಇದನ್ನು ಆಮೇಲೆ ಸಂಸತ್ತಿನ ವಿದೇಶಾಂಗ ಸಮಿತಿಯೇ ಕಟುವಾಗಿ ಟೀಕಿಸಿತು. ಫಲಿತಾಂಶ ಬಂದ ಬೆಳಿಗ್ಗೆಯೇ ಕ್ಯಾಮರನ್ ಮನೆ ಮುಂದೆ ನಿಂತು ರಾಜೀನಾಮೆ ಹೇಳಿದರು.

ಗೆದ್ದ ಕಡೆಯವರಾದರೂ ತಯಾರಿದ್ದರೇ? ಅದೂ ಇಲ್ಲ. ಬೋರಿಸ್ ಜಾನ್ಸನ್ ಪ್ರಧಾನಿ ಆಗುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದಾಗ, ಅವರ ಪಕ್ಕದಲ್ಲೇ ನಿಂತು ಪ್ರಚಾರ ಮಾಡಿದ್ದ ಮೈಕಲ್ ಗೋವ್ ಒಂದೇ ವಾರದಲ್ಲಿ, 'ಇವರಿಂದ ಆಗದ ಕೆಲಸ' ಅನ್ನುವ ಅರ್ಥದ ಮಾತಾಡಿ ತಾವೇ ಕಣಕ್ಕಿಳಿದರು. ಕೊನೆಗೆ ಇಬ್ಬರಿಗೂ ದಕ್ಕಲಿಲ್ಲ. ಬಿಡುವ ಕೆಲಸ ಬಂದು ಬಿದ್ದದ್ದು, ಉಳಿಯೋಣ ಅಂದಿದ್ದ ತೆರೇಸಾ ಮೇ ತಲೆ ಮೇಲೆ! ಅತ್ತ ವಿರೋಧ ಪಕ್ಷದ ಮನೆಯಲ್ಲೂ ಬೆಂಕಿ. ಲೇಬರ್ ಸಂಸದರು ತಮ್ಮದೇ ನಾಯಕ ಜೆರೆಮಿ ಕಾರ್ಬಿನ್ ಮೇಲೆ 172–40ರಲ್ಲಿ ಅವಿಶ್ವಾಸ ತೋರಿಸಿದರು. ಅವರು ಜಪ್ಪಯ್ಯ ಅನ್ನಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಪಕ್ಷದ ಸದಸ್ಯರು ಅವರನ್ನೇ ಮತ್ತೆ ಆರಿಸಿದರು.

ಮೇ ಮೇಡಂ 2017ರಲ್ಲಿ, ಬಹುಮತ ಗಟ್ಟಿ ಮಾಡಿಕೊಳ್ಳೋಣ ಅಂತ ಅವಧಿಗೆ ಮೊದಲೇ ಚುನಾವಣೆಗೆ ಹೋಗಿ ಇದ್ದ ಬಹುಮತವನ್ನೂ ಕಳೆದುಕೊಂಡರು. ಉತ್ತರ ಐರ್ಲೆಂಡಿನ ಡಿಯುಪಿ ಪಕ್ಷದ 10 ಜನರ ಬೆಂಬಲದ ಮೇಲೆ ಸರ್ಕಾರ ನಿಂತಿತು. ನಮ್ಮ ಕುಟುಂಬದ ಕಥೆಯ 'ದಾರಿ ಜಗಳ' ಇದ್ದದ್ದೂ ಅಲ್ಲೇ. ಐರ್ಲೆಂಡ್ ದ್ವೀಪದಲ್ಲಿ ಉತ್ತರದ ಭಾಗ ಬ್ರಿಟನ್ನಿನದು, ಉಳಿದದ್ದು ಬೇರೆ ದೇಶ, ಅದು ಒಕ್ಕೂಟದ ಒಳಗೇ ಇದೆ. ನಡುವೆ ಸುಮಾರು 500 ಕಿಲೋಮೀಟರ್ ಗಡಿ, ದಾಟಲು 200ಕ್ಕೂ ಹೆಚ್ಚು ಜಾಗ. ದಶಕಗಳ ರಕ್ತಪಾತದ ನಂತರ 1998ರಲ್ಲಿ ಶಾಂತಿ ಒಪ್ಪಂದ ಆಗಿ, ಸೈನಿಕರ ಕಾವಲು ಗೋಪುರಗಳು ಹೋಗಿದ್ದವು. ಬ್ರಿಟನ್ ಒಕ್ಕೂಟದ ಸುಂಕ ವ್ಯವಸ್ಥೆ ಬಿಟ್ಟರೆ ಅಲ್ಲಿ ಮತ್ತೆ ಚೆಕ್‌ಪೋಸ್ಟ್ ಬೇಕಾಗುತ್ತದೆ. ಚೆಕ್‌ಪೋಸ್ಟ್ ಬಂದರೆ ಶಾಂತಿಗೆ ಏಟು. ಬೇಡ ಅಂದರೆ ಬ್ರಿಟನ್ ಪೂರ್ತಿ ಬಿಟ್ಟ ಹಾಗೆ ಆಗುವುದಿಲ್ಲ. ಪ್ರಚಾರದ ಹೊತ್ತಿನಲ್ಲಿ ಇಂಗ್ಲೆಂಡಿನಲ್ಲಿ ಈ ಗಡಿಯ ಮಾತು ಎತ್ತಿದವರು ಬಹಳ ಕಡಿಮೆ.

ಒಕ್ಕೂಟದ ಜೊತೆ ಮಾತಾಡಿ ಮೇ ತಂದ ಬಿಡುಗಡೆ ಒಪ್ಪಂದ 2019ರ ಜನವರಿ 15ರಂದು ಸಂಸತ್ತಿನ ಮುಂದೆ ಬಂತು. ಅಲ್ಲಿ ಬಟನ್ ಒತ್ತುವ ಪದ್ಧತಿ ಇಲ್ಲ. ಸಂಸದರು ಎದ್ದು, ಹೌದು ಅನ್ನುವವರು ಒಂದು ಓಣಿ, ಇಲ್ಲ ಅನ್ನುವವರು ಇನ್ನೊಂದು ಓಣಿ ಹಾದು ಬರಬೇಕು, ಬಾಗಿಲಲ್ಲಿ ತಲೆ ಎಣಿಸುತ್ತಾರೆ. ಅವತ್ತು 'ಇಲ್ಲ' ಓಣಿಯಲ್ಲಿ ಕಾಲಿಡಲು ಜಾಗ ಇದ್ದಿರಲಿಕ್ಕಿಲ್ಲ. ಹೌದು 202, ಇಲ್ಲ 432. ಬ್ರಿಟನ್ನಿನ ಯಾವ ಸರ್ಕಾರವೂ ಅಷ್ಟು ದೊಡ್ಡ ಸೋಲು ಕಂಡಿರಲಿಲ್ಲ. ವಿರುದ್ಧ ಹೋದವರಲ್ಲಿ 118 ಜನ ಮೇ ಅವರ ಸ್ವಂತ ಪಕ್ಷದವರು. ನಮ್ಮಲ್ಲಾಗಿದ್ದರೆ ಪಕ್ಷಾಂತರ ನಿಷೇಧ ಕಾಯ್ದೆ ಹಿಡಿದು ಅಷ್ಟೂ ಜನರ ಸದಸ್ಯತ್ವ ತೆಗೆಯಬಹುದಿತ್ತು. ಅದಕ್ಕೆ ಹೆದರಿ ಮೊದಲೇ ರೆಸಾರ್ಟು, ರಾಜೀನಾಮೆ ಎಲ್ಲ ನಡೆದಿರುತ್ತಿತ್ತು. ಅಲ್ಲಿ ಆ ಕಾಯ್ದೆ ಇಲ್ಲ. ಬಂಡಾಯ ಎದ್ದು, ಮಾರನೇ ದಿನ ಅದೇ ಸೀಟಿನಲ್ಲಿ ಬಂದು ಕೂರಬಹುದು.

ಮೇ ಒಪ್ಪಂದ ಆ ಮಾರ್ಚಿನಲ್ಲಿ ಇನ್ನೂ ಎರಡು ಸಲ ಬಿತ್ತು. ಆ ಎರಡರ ನಡುವೆ, ಹಾಗಾದರೆ ನಿಮಗೆ ಬೇಕಾಗಿದ್ದೇನು ಅಂತ ಸಂಸದರ ಮುಂದೆ ಮಾರ್ಚ್ 27ರಂದು 8 ಆಯ್ಕೆ ಇಟ್ಟರು. ಎಂಟಕ್ಕೆ ಎಂಟೂ ಸೋತವು. ನನ್ನ ಮಟ್ಟಿಗೆ ಇಡೀ ಪ್ರಕರಣ ಅರ್ಥವಾಗಲು ಆ ಒಂದು ಸಂಜೆ ಸಾಕು. ಬೇಡ ಅನ್ನಲು ಎಲ್ಲದಕ್ಕೂ ಬಹುಮತ ಇತ್ತು, ಬೇಕು ಅನ್ನಲು ಯಾವುದಕ್ಕೂ ಇರಲಿಲ್ಲ. ಮೇ ಹೋದರು, ಜಾನ್ಸನ್ ಬಂದರು. 2019ರ ಡಿಸೆಂಬರಿನಲ್ಲಿ 'ಬ್ರೆಕ್ಸಿಟ್ ಮುಗಿಸಿಬಿಡೋಣ' ಅಂತ ಕೇಳಿ 365 ಸೀಟು ಗೆದ್ದರು. 2020ರ ಜನವರಿ 31ರ ರಾತ್ರಿ 11ಕ್ಕೆ ಬ್ರಿಟನ್ ಹೊರಬಂತು.

ದಾರಿ ಜಗಳ ಮಾತ್ರ ಅಲ್ಲಿಗೂ ಮುಗಿಯಲಿಲ್ಲ. ಜಾನ್ಸನ್ ತಪಾಸಣೆಯನ್ನು ಆ ಗಡಿಯಿಂದ ಎತ್ತಿ, ಬ್ರಿಟನ್ನಿನದೇ ಎರಡು ಭಾಗಗಳ ನಡುವಿನ ಸಮುದ್ರಕ್ಕೆ ಹಾಕಿದರು. ಬ್ರಿಟನ್ನಿನಿಂದ ದೂರ ಆಗಬಾರದು ಅನ್ನುವ ಡಿಯುಪಿ ಅದಕ್ಕೆ ಸಿಟ್ಟಾಗಿ, ಉತ್ತರ ಐರ್ಲೆಂಡಿನ ಸರ್ಕಾರದಿಂದ 2022ರಲ್ಲಿ ಎದ್ದು ಹೋಗಿ ವಾಪಸ್ ಬಂದದ್ದು 2024ರಲ್ಲಿ.

ಪ್ರಶ್ನೆ: ಇಷ್ಟು ದೊಡ್ಡ ವಿಷಯಕ್ಕೆ ಮೂರನೇ ಎರಡರಷ್ಟು ಬಹುಮತ ಬೇಕು ಅಂತ ಮೊದಲೇ ನಿಯಮ ಮಾಡಿದ್ದರೆ ಗಲಾಟೆಯೇ ಇರುತ್ತಿರಲಿಲ್ಲ ಅಲ್ವಾ? (ನಿವೃತ್ತ ಶಿಕ್ಷಕರು, ತುಮಕೂರು)

ಉತ್ತರ: ಮೇಷ್ಟ್ರೇ, ಅದನ್ನೂ ಅವರು ಒಂದು ಸಲ ಮಾಡಿ ನೋಡಿದ್ದಾರೆ. 1979ರಲ್ಲಿ ಸ್ಕಾಟ್ಲೆಂಡಿಗೆ ಸ್ವಂತ ಶಾಸನಸಭೆ ಬೇಕೇ ಅಂತ ಜನಮತ ಕೇಳಿದರು. ಒಟ್ಟು ಮತದಾರರಲ್ಲಿ ಶೇ 40ರಷ್ಟು ಜನ ಹೌದು ಅನ್ನಬೇಕು ಅಂತ ಷರತ್ತು. ವೋಟು ಹಾಕಿದವರಲ್ಲಿ ಶೇ 51.6 ಹೌದು ಅಂದರು. ಆದರೆ ಮತದಾರರ ಪಟ್ಟಿಗೆ ಹೋಲಿಸಿದರೆ ಅದು ಶೇ 33 ಕೂಡ ಆಗಲಿಲ್ಲ. ಗೆದ್ದೂ ಸೋತ ಹಾಗಾಯಿತು. ಸಿಟ್ಟಿಗೆದ್ದ ಸ್ಕಾಟಿಷ್ ನ್ಯಾಷನಲ್ ಪಕ್ಷ ಆಗಿನ ಲೇಬರ್ ಪ್ರಧಾನಿ ಜೇಮ್ಸ್ ಕ್ಯಾಲಹನ್ ಸರ್ಕಾರದ ವಿರುದ್ಧ ತಿರುಗಿಬಿತ್ತು. ಅದೇ ವರ್ಷ ಮಾರ್ಚ್ 28ರಂದು ಅವಿಶ್ವಾಸ ಮಂಡನೆ, 311–310, ಒಂದೇ ಒಂದು ವೋಟಿನಲ್ಲಿ ಸರ್ಕಾರ ಬಿತ್ತು. ಆಮೇಲೆ ಬಂದವರು ಮಾರ್ಗರೆಟ್ ಥ್ಯಾಚರ್.

ಅಂದರೆ ಮಿತಿ ಹಾಕಿದರೂ ಸಿಟ್ಟು ಇರುತ್ತದೆ, ಸಿಟ್ಟಾಗುವವರು ಬದಲಾಗುತ್ತಾರೆ ಅಷ್ಟೇ. ಬಿಡುವ ಕಡೆಯ ನೈಜೆಲ್ ಫರಾಜ್ 2016ರ ಮೇ ತಿಂಗಳಲ್ಲಿ ಏನಂದಿದ್ದರು ಗೊತ್ತೇ? 52–48ರಲ್ಲಿ ನಾವು ಸೋತರೆ ವಿಷಯ ಅಲ್ಲಿಗೆ ಮುಗಿಯುವುದಿಲ್ಲ ಅಂತ. ಅದೇ ಲೆಕ್ಕ ಬಂತು, ಆದರೆ ತಿರುವುಮುರುವಾಗಿ. ಇನ್ನೊಂದು ತಮಾಷೆ ಇದೆ. ಗೆದ್ದವರಿಗೆ ಶೇ 60 ಬಾರದಿದ್ದರೆ, ಮತದಾನವೂ ಶೇ 75 ಮುಟ್ಟದಿದ್ದರೆ, ಮತ್ತೆ ಜನಮತ ಕೇಳಿ ಅನ್ನುವ ಒಂದು ಆನ್‌ಲೈನ್ ಮನವಿಗೆ 40 ಲಕ್ಷಕ್ಕೂ ಜಾಸ್ತಿ ಸಹಿ ಬಿದ್ದವು. ಸಹಿ ಹಾಕಿದವರು ಬಹುಪಾಲು ಉಳಿಯೋಣ ಅಂದವರು. ಅದನ್ನು ಶುರು ಮಾಡಿದ್ದವರು ಬಿಡೋಣ ಅನ್ನುವವರು, ಮತದಾನಕ್ಕೆ ಮೊದಲೇ, ತಾವು ಸೋಲುತ್ತೇವೆ ಅಂದುಕೊಂಡು!

ಶೇಕಡಾ ಎಷ್ಟು ಅನ್ನುವುದಕ್ಕಿಂತ ಗೆದ್ದರೆ ಏನು ಮಾಡುತ್ತೀರಿ ಅಂತ ಬರೆದಿಟ್ಟು ಕೇಳುವುದು ಮುಖ್ಯ ಅಂತ ನನಗನ್ನಿಸುತ್ತದೆ. ಐರ್ಲೆಂಡ್ 2018ರಲ್ಲಿ ಗರ್ಭಪಾತದ ನಿಷೇಧ ತೆಗೆಯುವ ಬಗ್ಗೆ ಹಾಗೇ ಮಾಡಿತು. ಮೊದಲು ಸಾಮಾನ್ಯ ಜನರ ಒಂದು ಸಭೆಯಲ್ಲಿ ತಿಂಗಳುಗಟ್ಟಲೆ ಚರ್ಚೆ. ಆಮೇಲೆ, ನೀವು ಹೌದು ಅಂದರೆ ತರುವ ಕಾನೂನಿನ ರೂಪ ಇದು ಅಂತ ಮೊದಲೇ ಪ್ರಕಟಣೆ. ಧರ್ಮದ ವಿಷಯ ಬೇರೆ, ಹೊತ್ತಿ ಉರಿಯಬಹುದಿತ್ತು. ಶೇ 66 ಹೌದು ಬಂತು, ವರ್ಷ ಮುಗಿಯುವುದರೊಳಗೆ ಕಾನೂನೂ ಆಯಿತು.

ಪ್ರಶ್ನೆ: ನನ್ನ ಅಣ್ಣನ ಮಗಳು ಆಗ ಲಂಡನ್ನಿನಲ್ಲಿ ಕೆಲಸದಲ್ಲಿದ್ದಳು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಬ್ರೆಕ್ಸಿಟ್‌ಗೆ ವೋಟು ಹಾಕಿದೆ ಅಂತಾಳೆ. ಸುಮ್ನೆ ಹೇಳ್ತಾಳಾ? (ಗೃಹಿಣಿ, ಮೈಸೂರು)

ಉತ್ತರ: ಸುಳ್ಳಲ್ಲ ಅಮ್ಮಾ. ನಾನೂ ಹಾಕಿದ್ದೇನೆ. ಬ್ರಿಟನ್ನಿನಲ್ಲಿ ನೆಲೆಸಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಅಲ್ಲಿ ಮತದಾನದ ಹಕ್ಕಿದೆ. ಹಾಗಾಗಿ ಮೊನ್ನೆ ಮೊನ್ನೆ ಓದಲು ಹೋದ ನನ್ನಂಥ ಕನ್ನಡಿಗನಿಗೆ ವೋಟು ಇತ್ತು. ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದು ತೆರಿಗೆ ಕಟ್ಟುತ್ತಿದ್ದ ಫ್ರಾನ್ಸಿನವರಿಗೆ, ಜರ್ಮನಿಯವರಿಗೆ ಇರಲಿಲ್ಲ.

ಆ ದಿನ ನೆನಪಿದೆ. ಗುರುವಾರ. ನಮ್ಮ ಮತಗಟ್ಟೆ ಚರ್ಚಿನ ಪಕ್ಕದ ಒಂದು ಹಾಲ್‌ನಲ್ಲಿ. ಗುರುತಿನ ಚೀಟಿ ಕೇಳಲಿಲ್ಲ, ಬೆರಳಿಗೆ ಶಾಯಿ ಇಲ್ಲ. ಹೆಸರು ವಿಳಾಸ ಹೇಳಿದರೆ ಚೀಟಿ ಕೊಟ್ಟರು. ಒಳಗೆ ದಾರ ಕಟ್ಟಿದ ಒಂದು ಪೆನ್ಸಿಲ್. ಅದರಲ್ಲಿ ಗುಣಾಕಾರದ ಗುರುತು ಹಾಕಬೇಕು. ಪೆನ್ಸಿಲ್ ಗುರುತನ್ನು ಒಳಗೊಳಗೇ ಅಳಿಸಿಬಿಡುತ್ತಾರೆ ಅಂತ ಆಗ ಪುಕಾರು ಎದ್ದಿತ್ತು. ನನ್ನ ಮುಂದಿದ್ದ ಅಜ್ಜಿ ಬ್ಯಾಗಿನಿಂದ ಸ್ವಂತ ಪೆನ್ನು ತೆಗೆದು, ಎರಡು ಸಲ ಒತ್ತಿ ಗೀಚಿದ ಸದ್ದು ಕೇಳಿಸಿತು.

ಇನ್ನು, ಹೊರಗಿನವರು ಜಾಸ್ತಿ ಆದರು ಅನ್ನುವುದು ಬಿಡುವ ಕಡೆಯ ದೊಡ್ಡ ಮಾತಾಗಿತ್ತು. ಒಕ್ಕೂಟ ಬಿಟ್ಟ ಮೇಲೆ ಯುರೋಪಿನಿಂದ ಬರುವವರು ಕಡಿಮೆ ಆದರು, ಭಾರತ ಮತ್ತು ನೈಜೀರಿಯಾದಂಥ ದೇಶಗಳಿಂದ ಬರುವವರು ಏರಿದರು. 2023ರ ಜೂನ್‌ವರೆಗಿನ ಒಂದು ವರ್ಷದಲ್ಲಿ, ಹೋದವರನ್ನು ಕಳೆದು, ಬಂದವರ ಲೆಕ್ಕ 9 ಲಕ್ಷ ದಾಟಿತ್ತು. ಆಗ ಪ್ರಧಾನಿ ಯಾರು? ಬಿಡೋಣ ಅಂತ ಪ್ರಚಾರ ಮಾಡಿದ್ದ ರಿಷಿ ಸುನಕ್, ನಮ್ಮ ನಾರಾಯಣಮೂರ್ತಿ–ಸುಧಾಮೂರ್ತಿ ಅವರ ಅಳಿಯ.

ಪ್ರಶ್ನೆ: ಜನಮತ ಆದ ಮೇಲೂ ಸುಪ್ರೀಂ ಕೋರ್ಟ್ ಯಾಕೆ ಮಧ್ಯೆ ಬಂತು? ಜನರಿಗಿಂತ ಕೋರ್ಟು ದೊಡ್ಡದೇ? (ಕಾನೂನು ವಿದ್ಯಾರ್ಥಿ, ಧಾರವಾಡ)

ಉತ್ತರ: 2015ರ ಜನಮತಗಣನೆ ಕಾಯ್ದೆಯಲ್ಲಿ, ಫಲಿತಾಂಶವನ್ನು ಸರ್ಕಾರ ಪಾಲಿಸಲೇಬೇಕು ಅಂತ ಎಲ್ಲೂ ಬರೆದಿರಲಿಲ್ಲ. ಕಾನೂನಿನ ಲೆಕ್ಕದಲ್ಲಿ ಅದು ಬರೀ ಸಲಹೆ. ರಾಜಕೀಯವಾಗಿ ಮಾತ್ರ ಮುರಿಯಲಾಗದ ಆಣೆ. ಈ ಎರಡರ ನಡುವಿನ ಸಂದಿಯಲ್ಲಿ ಕೋರ್ಟು ಬಂತು. ಸಂಸತ್ತನ್ನು ಕೇಳದೆ ಸರ್ಕಾರವೇ ಒಕ್ಕೂಟಕ್ಕೆ ನೋಟಿಸ್ ಕೊಡಬಹುದೇ ಅನ್ನುವುದು ಪ್ರಶ್ನೆ. ಕೊಡುವಂತಿಲ್ಲ ಅಂತ 2017ರ ಜನವರಿ 24ರಂದು 8–3ರಲ್ಲಿ ತೀರ್ಪಾಯಿತು. ಬಿಡಬೇಡಿ ಅಂತ ಕೋರ್ಟು ಹೇಳಲೇ ಇಲ್ಲ. ಅದಕ್ಕೂ ಮೊದಲು ಹೈಕೋರ್ಟ್ ಇದೇ ಮಾತು ಹೇಳಿದಾಗ ಒಂದು ಪತ್ರಿಕೆ ನ್ಯಾಯಾಧೀಶರ ಫೋಟೊ ಹಾಕಿ, ಇವರು ಜನರ ಶತ್ರುಗಳು ಅಂತ ಮುಖಪುಟದಲ್ಲೇ ಅಚ್ಚು ಹಾಕಿತ್ತು.

ಎರಡನೇ ಸಲ 2019ರಲ್ಲಿ. ಜಾನ್ಸನ್ ಸಂಸತ್ತಿಗೆ ಐದು ವಾರ ಬೀಗ ಹಾಕಿಸಿದ್ದರು. ಸೆಪ್ಟೆಂಬರ್ 24ರಂದು 11 ನ್ಯಾಯಮೂರ್ತಿಗಳೂ ಒಂದೇ ದನಿಯಲ್ಲಿ, ಅದು ಕಾನೂನಿಗೆ ವಿರುದ್ಧ ಅಂದರು. ತೀರ್ಪು ಓದಿದ ಸುಪ್ರೀಂ ಕೋರ್ಟ್ ಅಧ್ಯಕ್ಷೆ ಲೇಡಿ ಹೇಲ್ ಕಪ್ಪು ಉಡುಪಿನ ಮೇಲೆ ಒಂದು ದೊಡ್ಡ ಜೇಡದ ಪಿನ್ನು ಚುಚ್ಚಿಕೊಂಡಿದ್ದರು. ತೀರ್ಪಿಗಿಂತ ಆ ಜೇಡವೇ ಜಾಸ್ತಿ ಸುದ್ದಿಯಾಯಿತು. ನೀವು ಪರೀಕ್ಷೆಗೆ ತೀರ್ಪನ್ನೇ ಓದಿಕೊಳ್ಳಿ.

ಪ್ರಶ್ನೆ: ನಮ್ಮ ದೇಶದಲ್ಲಿ ಇಂಥ ಜನಮತ ಎಂದಾದರೂ ನಡೆದಿದೆಯೇ? ಗೋವಾದಲ್ಲಿ ನಡೆದಿತ್ತು ಅಂತ ನಮ್ಮ ಅಜ್ಜ ಹೇಳುತ್ತಿದ್ದರು. (ಓದುಗರೊಬ್ಬರು, ಕಾರವಾರ)

ಉತ್ತರ: ಅಜ್ಜ ಹೇಳಿದ್ದು ಸರಿ. ನಮ್ಮ ಸಂವಿಧಾನದಲ್ಲಿ ಜನಮತಗಣನೆಗೆ ಜಾಗ ಇಲ್ಲ. ಅದಕ್ಕೇ ಗೋವಾಕ್ಕಾಗಿ ಸಂಸತ್ತು 1966ರಲ್ಲಿ ಪ್ರತ್ಯೇಕ ಕಾನೂನು ಮಾಡಬೇಕಾಯಿತು. ಮಹಾರಾಷ್ಟ್ರಕ್ಕೆ ಸೇರಬೇಕೋ, ಕೇಂದ್ರಾಡಳಿತ ಪ್ರದೇಶವಾಗಿಯೇ ಇರಬೇಕೋ ಅನ್ನುವುದು ಪ್ರಶ್ನೆ. ಮರಾಠಿ, ಕೊಂಕಣಿ, ಜಾತಿ, ಧರ್ಮ ಎಲ್ಲ ಸೇರಿ ಊರು ಊರೇ ಎರಡು ಹೋಳಾಗಿತ್ತು. ಮುಖ್ಯಮಂತ್ರಿ ದಯಾನಂದ ಬಾಂದೋಡಕರ್ ವಿಲೀನದ ಪರ. ಕುರ್ಚಿಯಲ್ಲಿ ಕೂತು ಜನಮತ ನಡೆಸಿದರೆ ನ್ಯಾಯವಾಗಲ್ಲ ಅನ್ನುವ ಒತ್ತಾಯಕ್ಕೆ ಅವರ ಸರ್ಕಾರ ಮೊದಲೇ ರಾಜೀನಾಮೆ ಕೊಟ್ಟಿತು. ಇದು ಬ್ರಿಟನ್ನಿನಲ್ಲಿ ಆದದ್ದಕ್ಕೆ ಪೂರ್ತಿ ಉಲ್ಟಾ.

1967ರ ಜನವರಿ 16ರಂದು ಮತದಾನ. ಚೀಟಿಯಲ್ಲಿ ವಿಲೀನಕ್ಕೆ ಹೂವಿನ ಗುರುತು, ಬೇಡ ಅನ್ನುವುದಕ್ಕೆ ಎರಡು ಎಲೆ. ಹೂವಿಗೆ ಒತ್ತಿದರೆ ಏನಾಗುತ್ತದೆ, ಎಲೆಗೆ ಒತ್ತಿದರೆ ಏನಾಗುತ್ತದೆ ಅಂತ ಓದು ಬಾರದವರಿಗೂ ಗೊತ್ತಿತ್ತು. ಎರಡು ಎಲೆಗೆ 1,72,191, ಹೂವಿಗೆ 1,38,170. ಅಂತರ 34,021.

ಸೋತ ಬಾಂದೋಡಕರ್ ಕಥೆ ಮುಗಿಯಿತು ಅಂತ ಹಲವರು ಅಂದುಕೊಂಡರು. ಎರಡೂವರೆ ತಿಂಗಳಲ್ಲಿ ವಿಧಾನಸಭೆ ಚುನಾವಣೆ ಬಂತು. ವಿಲೀನ ಬೇಡ ಅಂದಿದ್ದ ಅದೇ ಜನ ಬಾಂದೋಡಕರ್ ಪಕ್ಷವನ್ನೇ ಗೆಲ್ಲಿಸಿದರು. ಅವರು ಮತ್ತೆ ಮುಖ್ಯಮಂತ್ರಿ ಆದರು, ಸಾಯುವವರೆಗೂ ಆ ಕುರ್ಚಿಯಲ್ಲೇ ಇದ್ದರು.