ಚಿತ್ರ ಬರೆಯೋದಾ, ಚರಿತ್ರೆ ಬರೆಯೋದಾ?

ಪ್ರಶ್ನೆ: ನಾನು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮನುಷ್ಯನ ಚರಿತ್ರೆಯ ತಿರುವುಗಳನ್ನು ಇಟ್ಟುಕೊಂಡು ನಮ್ಮೂರಲ್ಲೇ ಏಕವ್ಯಕ್ತಿ ಪ್ರದರ್ಶನ ಮಾಡಬೇಕು ಅಂತ ಆಸೆ. ಬೆಂಕಿ, ಚಕ್ರ, ಕೊಲಂಬಸ್, ಹಿರೋಶಿಮಾ, ಚಂದ್ರನ ಮೇಲೆ ಮನುಷ್ಯ, ಹೀಗೆ 12 ಕ್ಯಾನ್ವಾಸ್ ಮುಗಿದಿವೆ. ನೋಡಿದ ಗೆಳೆಯರು ‘ಸಮಾಜ ಪುಸ್ತಕದ ಚಿತ್ರ ಇದ್ದ ಹಾಗಿದೆ’ ಅಂದುಬಿಟ್ಟರು. ಎಲ್ಲಿ ತಪ್ಪಿದ್ದೇನೆ? ಫೋಟೋ ಕಳಿಸಿದ್ದೇನೆ.
– ಓದುಗರು, ಹಾಸನ

ಉತ್ತರ: ಮೇಷ್ಟ್ರೇ, ಫೋಟೋ ನೋಡಿದೆ. ನಿಮ್ಮ ಕೈ ಪಳಗಿದ ಕೈ, ಎರಡು ಮಾತಿಲ್ಲ. ಆದರೆ ಗೆಳೆಯರು ಹೇಳಿದ್ದೂ ಸುಳ್ಳಲ್ಲ. ಹಿರೋಶಿಮಾ ಅಂದರೆ ಅಣಬೆ ಮೋಡ, ಚಂದ್ರ ಅಂದರೆ ಬಾವುಟ, ಕೊಲಂಬಸ್ ಅಂದರೆ ಹಡಗು. ಇದನ್ನೆಲ್ಲ ಜನ ಆಗಲೇ ನೋಡಿದ್ದಾರೆ. ಕೆಳಗಿನ ಚೀಟಿ ಓದಿ, ಓಹೋ ಇದಾ ಅಂದು, ಮುಂದಿನ ಚಿತ್ರಕ್ಕೆ ಹೋಗಿಬಿಡುತ್ತಾರೆ.

ಪಿಕಾಸೊ ‘ಗೆರ್ನಿಕಾ’ ಬರೆದದ್ದನ್ನು ನೆನಪಿಸಿಕೊಳ್ಳಿ. 1937ರ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾ ಅನ್ನೋ ಊರಿನ ಮೇಲೆ ಜರ್ಮನಿ, ಇಟಲಿಯ ವಿಮಾನಗಳು ಬಾಂಬ್ ಹಾಕಿದವು. ಒಂದೂವರೆ ತಿಂಗಳೊಳಗೆ ಚಿತ್ರ ಮುಗಿದಿತ್ತು. 25 ಅಡಿಗೂ ಜಾಸ್ತಿ ಅಗಲದ ಆ ಕ್ಯಾನ್ವಾಸಿನಲ್ಲಿ ಒಂದು ವಿಮಾನವೂ ಇಲ್ಲ, ಒಂದು ಬಾಂಬೂ ಇಲ್ಲ. ಇರುವುದು ಸತ್ತ ಮಗುವನ್ನು ಹಿಡಿದು ಚೀರುವ ತಾಯಿ, ಒದ್ದಾಡುವ ಕುದುರೆ, ಒಂದು ಗೂಳಿ, ಮೇಲೆ ಒಂದು ಬಲ್ಬು, ಅದೂ ಎಲ್ಲ ಕಪ್ಪು, ಬಿಳಿ, ಬೂದು ಬಣ್ಣದಲ್ಲಿ. ನಮ್ಮ ಕಲಾವಿದ ಸೋಮನಾಥ ಹೋರ್ ಅವರಂತೂ ಇನ್ನೂ ಮುಂದೆ ಹೋದರು. 1943ರ ಬಂಗಾಳದ ಬರ ಕಣ್ಣಾರೆ ಕಂಡವರು, 1970ರ ದಶಕದಲ್ಲಿ ‘ಗಾಯಗಳು’ ಸರಣಿ ಮಾಡಿದಾಗ ಬಣ್ಣವನ್ನೇ ಬಿಟ್ಟು ಬಿಳಿ ಕಾಗದದ ತಿರುಳಿನಲ್ಲಿ ಬರೀ ಗೀರು, ತೂತು ಮೂಡಿಸಿದರು. ನಡೆದದ್ದನ್ನು ಬಿಟ್ಟು, ಅದು ಯಾರಿಗೆ ತಾಗಿತೋ ಅವರನ್ನು ಹಿಡಿದರು, ಅಲ್ವಾ?

ಇನ್ನೊಂದು ಮಾತು, ಸ್ವಲ್ಪ ಜಗಳದ ಮಾತೇ. ಹಾಸನದಲ್ಲಿ ಕೂತು ಬರೆದ 12 ಚಿತ್ರಗಳಲ್ಲಿ ಹಾಸನವೇ ಇಲ್ಲವಲ್ಲ! ಕೊಲಂಬಸ್‌ನ ಹಡಗು ಬರೆದಿದ್ದೀರಿ. 1492ರಲ್ಲಿ ಅವನು ಅಮೆರಿಕದ ಕಡೆಯ ದಡ ಮುಟ್ಟದಿದ್ದರೆ ನಿಮ್ಮೂರ ಆಲೂಗಡ್ಡೆ ಎಲ್ಲಿರುತ್ತಿತ್ತು? ಪೆರುವಿನ ಬೆಟ್ಟಗಳಲ್ಲಿ ಸಾವಿರಾರು ವರ್ಷ ಬೆಳೆದುಕೊಂಡಿದ್ದ ಗೆಡ್ಡೆ ಯುರೋಪಿಗೆ ಹೋಗಿ, ಅಲ್ಲಿನವರ ಜೊತೆ ಇಂಡಿಯಾಕ್ಕೆ ಬಂದು, ಕೊನೆಗೆ ಹಾಸನದ ಕೆಂಪು ಮಣ್ಣಿಗೆ ಇಳಿಯಿತು. ಆ ಹಡಗನ್ನು ಅಳಿಸಿ. ಮಳೆಗಾಲದ ಹೊಲದಲ್ಲಿ ಬಗ್ಗಿ ಆಲೂಗಡ್ಡೆ ಕೀಳುವ ಹೆಂಗಸಿನ ಕೈ ಬರೆಯಿರಿ, ಉಗುರಿನ ಸಂದಿನ ಮಣ್ಣು ಸಮೇತ. ಚಂದ್ರನ ಬಾವುಟವನ್ನೂ ಬಿಡಿ. ಆಕಾಶದ ಉಪಗ್ರಹಗಳನ್ನು ಇಸ್ರೋದ ನಿಯಂತ್ರಣ ಕೇಂದ್ರ ಎಂಸಿಎಫ್ ನಿಮ್ಮೂರಿಂದಲೇ ನೋಡಿಕೊಳ್ಳುತ್ತಿದೆ, ಅಷ್ಟು ದೊಡ್ಡ ಬಿಳಿ ಡಿಶ್‌ಗಳನ್ನು ಹಿನ್ನೆಲೆಗೆ ಇಟ್ಟುಕೊಳ್ಳಲು ಯಾವ ಚಿತ್ರಕಾರನಿಗೆ ಸಿಗುತ್ತದೆ ಹೇಳಿ! ಬೇಲೂರು ತಾಲ್ಲೂಕಿನ ಹಲ್ಮಿಡಿಯೂ ಇದೆ. ಸುಮಾರು 450ರ ಹೊತ್ತಿಗೆ ಯಾರೋ ಕನ್ನಡವನ್ನು ಕಲ್ಲಿಗೆ ಕೆತ್ತಿದರು. ಅದು ತಿರುವಲ್ಲವಾ?

12ರಲ್ಲಿ 5 ಉಳಿಸಿಕೊಂಡರೆ ಸಾಕು. ಚೀಟಿಯಲ್ಲಿ ಹೆಸರು, ಇಸವಿ ಇರಲಿ, ಕಥೆ ಬೇಡ.

ಪ್ರಶ್ನೆ: ಪ್ರದರ್ಶನಕ್ಕೆ ಹೋದರೆ ಚಿತ್ರಕಾರರು ಪಕ್ಕದಲ್ಲೇ ನಿಂತಿರುತ್ತಾರೆ. ಅರ್ಥವಾಗದೆ ಸುಮ್ನೆ ‘ಚೆನ್ನಾಗಿದೆ’ ಅಂತ ಹೇಳಿ ಬಂದುಬಿಡುತ್ತೇನೆ. ಬೆಲೆ ಕೇಳಲೂ ಮುಜುಗರ.
– ಓದುಗರು, ಚಿಕ್ಕಮಗಳೂರು

ಉತ್ತರ: ‘ಅರ್ಥ ಆಗಲಿಲ್ಲ’ ಅಂತಲೇ ಹೇಳಿ. ‘ಚೆನ್ನಾಗಿದೆ’ ಕೇಳಿ ಕೇಳಿ ಅವರಿಗೂ ಸಾಕಾಗಿರುತ್ತದೆ. ಎಲ್ಲಿಂದ ಶುರು ಮಾಡಿದಿರಿ, ಯಾವುದನ್ನು ಅಳಿಸಿದಿರಿ ಅಂತ ಕೇಳಿ ನೋಡಿ, ಅರ್ಧ ಗಂಟೆ ಬಿಡುವುದಿಲ್ಲ. ಬೆಲೆಯನ್ನೂ ಧಾರಾಳವಾಗಿ ಕೇಳಿ. ಆದರೆ ದಯವಿಟ್ಟು ಬೆರಳು ಒತ್ತಿ ‘ಇದು ಆಯಿಲ್ ಪೇಂಟಾ?’ ಅಂತ ಮುಟ್ಟಿ ನೋಡಬೇಡಿ. ದಪ್ಪಗೆ ಹಚ್ಚಿದ ಎಣ್ಣೆ ಬಣ್ಣ ಒಳಗೂ ಒಣಗಲು ತಿಂಗಳುಗಟ್ಟಲೆ ಹಿಡಿಯುತ್ತದೆ.