ಗಾಡಿ ಕಟ್ಟೆ: ಪಿಕಪ್ಪಿಗೆ ಜೀಪಿನ ಹೌಸಿಂಗ್ ಕೂರಿಸಬಹುದಾ?

ಪ್ರಶ್ನೆ: ನಮ್ಮದು ಹಳೆಯ ಫೋರ್ ಬೈ ಫೋರ್ ಡೀಸೆಲ್ ಪಿಕಪ್. ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಕಂಬಿ) ಇದೆ. ಗದ್ದೆಗೆ ಗೊಬ್ಬರ, ಪಂಪ್‌ಸೆಟ್ ಒಯ್ಯುತ್ತೇವೆ. ಮಳೆ ಬಂದರೆ ಕಾಲುವೆ ಪಕ್ಕದ ಎರೆ ದಾರಿಯಲ್ಲಿ ಹೂತುಕೊಳ್ಳುತ್ತದೆ. ಎತ್ತರ ಸಿಗಲಿ ಅಂತ ಟಾರ್ಷನ್ ಬಾರ್ ಬಿಗಿ ಮಾಡಿಸಿದೆವು. ಈಗ ಶಾಫ್ಟಿನ ರಬ್ಬರ್ ಬೂಟ್ ಮೇಲಿಂದ ಮೇಲೆ ಹರಿಯುತ್ತಿದೆ. ಮುಂದಿನ ಸಸ್ಪೆನ್ಷನ್ ಪೂರ್ತಿ ಕಿತ್ತು ಜಿಪ್ಸಿ ಅಥವಾ ಹಳೆ ಜೀಪಿನ ಹೌಸಿಂಗ್ (ಎರಡೂ ಚಕ್ರ ಜೋಡಿಸುವ ಗಟ್ಟಿ ಆಕ್ಸಲ್), ಲೀಫ್ ಪಟ್ಟಿ ಹಾಕಿಸೋಣ ಅಂತ ತಮ್ಮ ಹಟ ಹಿಡಿದಿದ್ದಾನೆ. ಅಮೆರಿಕದವರ ವಿಡಿಯೊ ನೋಡಿದ್ದಾನೆ. ಹಾಕಿಸಬಹುದಾ ಅಣ್ಣ?
– ಓದುಗರು, ಸಿಂಧನೂರು ತಾಲ್ಲೂಕು

ಉತ್ತರ: ಮೊದಲು ಬೂಟ್ ವಿಷಯ ಮುಗಿಸೋಣ. ಟಾರ್ಷನ್ ಬಾರ್ ಬಿಗಿ ಮಾಡಿದಾಗ ಚಾಸಿ ಜೊತೆ ಡಿಫರೆನ್ಷಿಯಲ್ (ಎರಡು ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಗುಂಡು) ಮೇಲೆ ಹೋಗುತ್ತದೆ. ಚಕ್ರ ಇದ್ದಲ್ಲೇ ಇರುತ್ತದೆ. ನಡುವಿನ ಶಾಫ್ಟ್ ಓರೆಯಾಗುತ್ತದೆ. ಆ ಓರೆಯಲ್ಲೇ ತಿರುಗಿ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ. ಗ್ರೀಸ್ ಹೊರಗೆ, ಕೆಸರು ಒಳಗೆ. ಬೋಲ್ಟ್ ಸಡಿಲಿಸಿ ಕಂಪನಿ ಕೊಟ್ಟ ಎತ್ತರಕ್ಕೇ ತನ್ನಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿ. ಅರ್ಧ ರಗಳೆ ಅಲ್ಲಿಗೇ ಕಡಿಮೆಯಾಗುತ್ತದೆ.

ಇನ್ನು ಹೌಸಿಂಗ್. ನಿಮ್ಮ ತಮ್ಮ ನೋಡಿದ್ದು ಸುಳ್ಳಲ್ಲ. ಅಮೆರಿಕದಲ್ಲಿ ಟೊಯೊಟಾ ಫೋರ್ ಬೈ ಫೋರ್ ಪಿಕಪ್ಪಿಗೆ 1985ರವರೆಗೆ ಮುಂದೆಯೂ ಗಟ್ಟಿ ಆಕ್ಸಲ್ಲೇ ಇತ್ತು. 1986ರ ಮಾಡೆಲ್‌ನಿಂದ ಎರಡೂ ಚಕ್ರ ಬೇರೆ ಬೇರೆ ಆಡುವ ಸಸ್ಪೆನ್ಷನ್ ಬಂತು. ಬಂಡೆ ಹತ್ತಿಸುವ ಹುಚ್ಚಿರುವವರು ಹಳೆ ಆಕ್ಸಲ್ ತಂದು ಹೊಸ ಗಾಡಿಗೆ ಕೂರಿಸುತ್ತಾರೆ. ಅದೇ ಕಂಪನಿ, ಅದೇ ಆರು ಬೋಲ್ಟಿನ ಚಕ್ರ. ಬ್ರ್ಯಾಕೆಟ್ಟು ಕೂಡ ರೆಡಿ ಸಿಗುತ್ತದೆ.

ಕಲ್ಲಿನ ಮೇಲೆ ಇದರ ಲಾಭ ದೊಡ್ಡದು. ಒಂದೇ ಕೊಳವೆಯ ಎರಡು ತುದಿಗೆ ಚಕ್ರ ಇರುತ್ತವೆ. ಬಲಗಡೆ ಚಕ್ರ ಕಲ್ಲೇರಿದರೆ ಎಡಗಡೆಯದು ನೆಲಕ್ಕೆ ಒತ್ತಿಕೊಳ್ಳುತ್ತದೆ, ಹಿಡಿತ ತಪ್ಪುವುದಿಲ್ಲ. ಸಂಡೂರು ಗುಡ್ಡದ ಕಲ್ಲುದಾರಿ ಅಂದಿದ್ದರೆ ನಿಮ್ಮ ತಮ್ಮನ ಮಾತಿಗೆ ಅರ್ಥ ಇರುತ್ತಿತ್ತು. ಆದರೆ ನಿಮ್ಮದು ಎರೆ. ಅಲ್ಲಿ ಕಥೆ ಉಲ್ಟಾ. ಗಟ್ಟಿ ಆಕ್ಸಲ್ಲಿನ ಡಿಫರೆನ್ಷಿಯಲ್ ಕೆಳಗೆ, ಎರಡು ಚಕ್ರದ ನಡುವೆ ಇರುತ್ತದೆ. ಚಕ್ರ ಹೂತ ಕೂಡಲೇ ಅದು ಕುಂಟೆಯ ಹಾಗೆ ಮಣ್ಣು ಎಳೆಯುತ್ತದೆ. ಹಿಂದೆ ನಿಮಗೆ ಅಂಥದ್ದೊಂದು ಈಗಾಗಲೇ ಇದೆ. ಮುಂದಿನದು ಪುಣ್ಯಕ್ಕೆ ಚಾಸಿ ನಡುವೆ ಮೇಲೆ ಕೂತಿದೆ. ದುಡ್ಡು ಕೊಟ್ಟು ಅದನ್ನೂ ಕೆಳಗೆ ಇಳಿಸಬೇಕಾ?

ಕೆಲಸವೂ ಸಣ್ಣದಲ್ಲ. ಜಿಪ್ಸಿ ಹೌಸಿಂಗ್ ಮರೆತುಬಿಡಿ. ಜಿಪ್ಸಿ ಹೆಚ್ಚುಕಡಿಮೆ ಒಂದು ಟನ್ ತೂಕದ ಗಾಡಿ. ನಿಮ್ಮಂಥ ಪಿಕಪ್ ಖಾಲಿ ಇದ್ದಾಗಲೇ ಎರಡು ಟನ್ನಿನ ಹತ್ತಿರ ಇರುತ್ತದೆ, ಮೇಲೆ ಗೊಬ್ಬರದ ಚೀಲ ಬೇರೆ. ಜೀಪಿನದ್ದು ಹುಡುಕಿದರೂ ಅದರ ಡಿಫರೆನ್ಷಿಯಲ್ ಎಡಕ್ಕಿದೆಯೋ ಬಲಕ್ಕಿದೆಯೋ ನೋಡಬೇಕು. ನಿಮ್ಮ ಟ್ರಾನ್ಸ್‌ಫರ್ ಕೇಸಿನಿಂದ (ಮುಂದೆ ಹಿಂದೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಮುಂದಿನ ಶಾಫ್ಟ್ ಯಾವ ಕಡೆ ಹೊರಡುತ್ತದೋ ಅದೂ ಅದೇ ಕಡೆ ಇರಬೇಕು. ಕ್ರೌನ್ ಪಿನಿಯನ್ ಲೆಕ್ಕ, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತುತ್ತದೆ ಅನ್ನುವುದು, ಹಿಂದಿನದಕ್ಕೆ ತಾಳೆಯಾಗಬೇಕು. ಹಿಂದೆ 4.10, ಮುಂದೆ 5.38 ಇದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಎರಡು ಆಕ್ಸಲ್‌ಗಳೂ ಜಗಳಕ್ಕೆ ಬೀಳುತ್ತವೆ. ಸೋಲುವುದು ನಿಮ್ಮ ಗೇರು.

ರ್ಯಾಕ್ ಸ್ಟೀರಿಂಗ್ ಇದ್ದರೆ ಅದೂ ನಡೆಯುವುದಿಲ್ಲ. ರ್ಯಾಕ್ ಚಾಸಿಗೆ ಕೂತಿರುತ್ತದೆ, ಆಕ್ಸಲ್ ಮೇಲೆ ಕೆಳಗೆ ಆಡುತ್ತದೆ. ಸ್ಟೀರಿಂಗ್ ಬಾಕ್ಸು, ಅದರಿಂದ ಚಕ್ರದ ಕಡೆಗೆ ಹೋಗುವ ರಾಡು, ಅಂದರೆ ಡ್ರ್ಯಾಗ್ ಲಿಂಕು ಹಾಕಲೇಬೇಕು. ಆ ಲಿಂಕ್ ಓರೆ ಜಾಸ್ತಿಯಾದರೆ ಪ್ರತಿ ಗುಂಡಿಗೂ ಸ್ಟೀರಿಂಗ್ ತಾನಾಗಿ ಎಳೆಯುತ್ತದೆ. ಆಕ್ಸಲ್ ಮೇಲೆದ್ದಾಗ ಎಂಜಿನ್ನಿನ ತಳದ ಆಯಿಲ್ ಸಂಪ್‌ಗೆ ಬಡಿಯಬಾರದು. ಅದಕ್ಕೆ ಗಾಡಿಯನ್ನು ಮೂರ್ನಾಲ್ಕು ಇಂಚು ಎತ್ತಬೇಕಾಗುತ್ತದೆ. ಎತ್ತಿದರೆ ಪ್ರೊಪೆಲ್ಲರ್ ಶಾಫ್ಟು, ಬ್ರೇಕ್ ಹೋಸು ಎಲ್ಲದರ ಉದ್ದ ಬದಲು. ಇನ್ನೊಂದು ಕ್ಯಾಸ್ಟರ್ ಕೋನ, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಪಿನ್ನಿನ ವಾಲು. ಐದಾರು ಡಿಗ್ರಿ ಹಿಂದಕ್ಕೆ ವಾಲಿರುವಂತೆ ಹೌಸಿಂಗ್ ಇಟ್ಟು, ಆಮೇಲೆ ಪಟ್ಟಿ ಕೂರುವ ಸೀಟಿಗೆ ಬೆಸುಗೆ ಹಾಕಬೇಕು. ಬಳ್ಳಾರಿ ಕೌಲ್ ಬಜಾರಿನ ನನ್ನ ಗ್ಯಾರೇಜಿಗೆ ‘ವೆಲ್ಡಿಂಗ್ ಎಲ್ಲ ಮುಗಿದಿದೆ, ಅಲೈನ್‌ಮೆಂಟ್ ಒಂದು ಮಾಡಿಕೊಡಿ’ ಅಂತ ಬರುವವರಿದ್ದಾರೆ. ಒಂದೆರಡು ಡಿಗ್ರಿ ಆದರೆ ಬೆಣೆ ಇಟ್ಟು ತಿದ್ದಬಹುದು. ಅದಕ್ಕಿಂತ ಜಾಸ್ತಿ ಆದರೆ ಬೆಸುಗೆ ಕತ್ತರಿಸದೆ ದಾರಿಯಿಲ್ಲ. ಬೇಜಾರು ಮಾಡಿಕೊಂಡು ಹೋಗುತ್ತಾರೆ, ನಾನೇನು ಮಾಡಲಿ?

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂದಿದೆ. ಕೆಎ-36 ಬೋರ್ಡಿನ ಗಾಡಿ ಹೊಲದಲ್ಲೇ ಇರುತ್ತದೆಯೇ? ರಾಯಚೂರಿಗೆ, ಗಂಗಾವತಿಗೆ ಹೋಗಲೇಬೇಕಲ್ವಾ? ಅಪಘಾತ ಆದರೆ ವಿಮೆಯವರು ಮೊದಲು ನೋಡುವುದು ಈ ಬೆಸುಗೆಯನ್ನೇ.

ಆ ದುಡ್ಡಲ್ಲಿ ಆರ್‌ಸಿಗೆ ಹೊಂದುವ ಅಳತೆಯ ಮಡ್ ಟೈರ್ ಹಾಕಿಸಿ. ಎರೆಗೆ ಇಳಿಯುವ ಮೊದಲೇ ಗಾಳಿ 18–20 ಪಿಎಸ್‌ಐಗೆ ಇಳಿಸಿ, ಫೋರ್ ವೀಲ್ ಹಾಕಿಕೊಳ್ಳಿ. ಹೂತ ಮೇಲೆ ಹಾಕುವುದಲ್ಲ. ಗಾಳಿ ಇಳಿಸಿದಾಗ ಲೋಡು ಕಡಿಮೆ ಇರಲಿ. ಡಾಂಬರಿಗೆ ಬಂದ ಕೂಡಲೇ ಗಾಳಿ ತುಂಬಿ.

ಪ್ರಶ್ನೆ: ಹಳೆ ಜೀಪ್. ಚಂದ ಕಾಣಲಿ ಅಂತ ಮುಂದೆ ಉದ್ದದ ಶ್ಯಾಕಲ್ (ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿಸಿದೆ. ಈಗ ಗುಂಡಿ ಹಾರಿದರೆ ಸ್ಟೀರಿಂಗ್ ಗಡಗಡ ನಡುಗುತ್ತದೆ, ನಿಲ್ಲಿಸುವವರೆಗೂ ಬಿಡುವುದಿಲ್ಲ. ಸ್ಟೀರಿಂಗ್ ಡ್ಯಾಂಪರ್ ಹಾಕಿದರೆ ಸಾಕಾ?
– ಓದುಗರು, ಸಂಡೂರು

ಉತ್ತರ: ಸಾಕಾಗುವುದಿಲ್ಲ. ಡ್ಯಾಂಪರ್ ರೋಗ ಮುಚ್ಚುತ್ತದೆ, ವಾಸಿ ಮಾಡುವುದಿಲ್ಲ. ಶ್ಯಾಕಲ್ ಪಟ್ಟಿಯ ಮುಂದಿನ ತುದಿಯಲ್ಲಿದ್ದರೆ, ಅದನ್ನು ಉದ್ದ ಮಾಡಿದಷ್ಟೂ ಹೌಸಿಂಗ್ ಮುಂದಕ್ಕೆ ವಾಲುತ್ತದೆ, ಕ್ಯಾಸ್ಟರ್ ಕಡಿಮೆಯಾಗುತ್ತದೆ. ನಡುಕ ಅದರಿಂದಲೇ. ಹಳೆ ಶ್ಯಾಕಲ್ ವಾಪಸ್ ಹಾಕಿ. ಜಾಕಿ ಕೊಟ್ಟು ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಕಿಂಗ್ ಪಿನ್ ಅಥವಾ ವೀಲ್ ಬೇರಿಂಗ್ ಸವೆದಿದೆ. ಟೈ ರಾಡ್ ಎಂಡ್, ಪಟ್ಟಿಯ ಬುಷ್ ಕೂಡ ನೋಡಿಸಿ.

ಪ್ರಶ್ನೆ: ಹಳ್ಳ ದಾಟಿದ ಮೇಲೆ ಡಿಫರೆನ್ಷಿಯಲ್ ಆಯಿಲ್ ಬೆಳ್ಳಗಾಗಿದೆ. ಯಾಕೆ?
– ಓದುಗರು, ಕುಷ್ಟಗಿ

ಉತ್ತರ: ನೀರು ಸೇರಿದೆ. ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಅನ್ನುವ ಗಾಳಿ ತೂತಿನಿಂದಲೋ ಸವೆದ ಸೀಲಿನಿಂದಲೋ ನೀರು ಎಳೆದುಕೊಳ್ಳುತ್ತದೆ. ಇವತ್ತೇ ಆಯಿಲ್ ಬದಲಿಸಿ. ಬ್ರೀದರ್‌ಗೆ ಒಂದು ಪೈಪ್ ಜೋಡಿಸಿ, ಬಾನೆಟ್ಟಿನ ಎತ್ತರಕ್ಕೆ ಒಯ್ದು ಕಟ್ಟಿ.