ಅಂಧರ ಕೆಲವು ಕೈಗಡಿಯಾರಗಳಲ್ಲಿ ಮುಳ್ಳಿನ ಬದಲು ಗುಂಡು ಯಾಕಿರುತ್ತದೆ?

ಮುಟ್ಟಿದರೂ ಸಮಯ ಕೆಡಬಾರದು ಅಂತ. ಗಾಜಿನ ಮುಚ್ಚಳ ತೆರೆದು ಮುಳ್ಳು ತಡವುವ ಹಳೆಯ ಬ್ರೈಲ್ ವಾಚುಗಳಲ್ಲಿ ಬೆರಳು ಸ್ವಲ್ಪ ಜೋರಾಗಿ ಒತ್ತಿದರೆ ಮುಳ್ಳೇ ಸರಿದುಬಿಡುತ್ತದೆ. ದೂಳು, ಬೆವರು ಒಳಗೆ ಇಳಿಯುತ್ತವೆ. 2013ರಲ್ಲಿ ಬಂದ ಬ್ರಾಡ್ಲಿ ವಾಚಿನಲ್ಲಿ ಯಂತ್ರ ಪೂರ್ತಿ ಮುಚ್ಚಿರುತ್ತದೆ. ಒಳಗೆ ತಿರುಗುವ ಅಯಸ್ಕಾಂತ ಹೊರಗಿನ ಉಕ್ಕಿನ ಗುಂಡನ್ನು ಎಳೆದುಕೊಂಡು ಹೋಗುತ್ತದೆ: ಮುಖದ ಮೇಲಿನ ತೋಡಿನಲ್ಲಿರುವ ಗುಂಡು ನಿಮಿಷಕ್ಕೆ, ಪಕ್ಕದ ಅಂಚಿನದು ಗಂಟೆಗೆ. ಬೆರಳು ತಗುಲಿ ಗುಂಡು ಜಾರಿತೇ? ಮಣಿಕಟ್ಟನ್ನು ಒಮ್ಮೆ ಅಲುಗಿಸಿ, ಅಯಸ್ಕಾಂತ ಅದನ್ನು ಮತ್ತೆ ಹಿಡಿದುಕೊಳ್ಳುತ್ತದೆ.

ಬ್ರಾಡ್ಲಿಯ ಮೊದಲ ಮಾದರಿಯಲ್ಲಿ ಬ್ರೈಲ್ (ಉಬ್ಬುಚುಕ್ಕಿಗಳ ಲಿಪಿ) ಇತ್ತು. ಆದರೆ ಅಂಧರಲ್ಲಿ ಅನೇಕರಿಗೆ ಬ್ರೈಲ್ ಬಾರದು, ವಾಚು ನೋಡಲೂ ಚೆನ್ನಾಗಿರಬೇಕೆಂಬುದು ಅವರ ಆಸೆ. ತಯಾರಕರು ಆ ಮಾತು ಕೇಳಿಸಿಕೊಂಡಿದ್ದು ಒಳ್ಳೆಯದಾಯಿತು: ಈಗ ಬರೀ ಉಬ್ಬುಗೆರೆಗಳಿವೆ, ಬೆರಳಿಗೆ ದಿಕ್ಕು ತಿಳಿಯಲು 12ರ ಜಾಗದಲ್ಲಿ ತ್ರಿಕೋನ.